ಕ್ಲಿಕ್ಕಿಗೆ ಸಿಗದ ಅಲಾಸ್ಕಾ

ಅಮೆರಿಕಕ್ಕೆ ಬಂದ ಅಪ್ಪ-ಅಮ್ಮನಿಗೆ ಏನಾದರೊಂದು ತೋರಿಸದೆ ಮಕ್ಕಳು ಊರಿಗೆ ಕಳಿಸುವುದಿಲ್ಲ. ಸಿಯಾಟಲ್‌ನಲ್ಲಿರುವ ನಮ್ಮ ಮಗ ನಮ್ಮಿಬ್ಬರನ್ನು ಅಲಾಸ್ಕಾ ಕ್ರೂಸ್ ಹತ್ತಿಸಿದ. ನನ್ನಾಕೆ ಕೋಡುಬಳೆ ಕಟ್ಟಿಕೊಂಡಳು. ನಾನು ಹೊಸ ಕ್ಯಾಮೆರಾ, ಲೆನ್ಸುಗಳು, ಟ್ರೈಪಾಡು ಮತ್ತು ಮಂಕಿ ಕ್ಯಾಪು ಕಟ್ಟಿಕೊಂಡೆ. ಯೂಟ್ಯೂಬಿನಲ್ಲಿ ಪಾಠ ಕೇಳಿ ಕೇಳಿ, ಇನ್ನು ಪ್ರಶಸ್ತಿ ಕೊಡುವವರು ಮನೆ ಹುಡುಕಿಕೊಂಡು ಬರುವುದೊಂದೇ ಬಾಕಿ ಎಂಬ ಮಟ್ಟ ತಲುಪಿದ್ದೆ. ಹೊಸ ಕ್ಯಾಮೆರಾ ಕೊಂಡ ವಾರ ನಿಮಗೂ ಹಾಗೇ ಅನಿಸಿರುತ್ತದೆ, ಸುಳ್ಳು ಹೇಳಬೇಡಿ.

ಜೂನ್ ತಿಂಗಳಲ್ಲಿ ಅಲ್ಲಿನ ಸೂರ್ಯನಿಗೆ ನಿದ್ದೆಯೇ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಹಾಜರು. ಅವನನ್ನು ಹಿಡಿಯಲು ನಾನೂ ಡೆಕ್ ಮೇಲೆ ಹಾಜರು. ಶಟರನ್ನು ಒಂದು ಸೆಕೆಂಡಿನಷ್ಟು ನಿಧಾನ ಮಾಡಿದರೆ ನೀರು ನುಣ್ಣಗೆ ಬರುತ್ತದೆ ಎಂದು ಯೂಟ್ಯೂಬಿನ ಗುರು ಹೇಳಿದ್ದ. ಆತ ನಿಂತಿದ್ದು ಗಟ್ಟಿ ನೆಲದ ಮೇಲೆ, ಪುಣ್ಯಾತ್ಮ. ಇಲ್ಲಿ ಎಂಜಿನ್ನಿನ ನಡುಕ ಡೆಕ್ಕಿಗೆ, ಡೆಕ್ಕಿನಿಂದ ಟ್ರೈಪಾಡಿನ ಮೂರೂ ಕಾಲಿಗೆ, ಅಲ್ಲಿಂದ ನೆಟ್ಟಗೆ ಕ್ಯಾಮೆರಾಕ್ಕೆ. ಸಾಲದ್ದಕ್ಕೆ ಹಡಗು ಮುಂದೆ ಹೋಗುತ್ತಲೇ ಇತ್ತು. ಒಂದು ಬೆಟ್ಟವಿದ್ದ ಕಡೆ ನಾಲ್ಕು ಬೆಟ್ಟ ಬಂದವು. "ಪರ್ವತಶ್ರೇಣಿ" ಎಂದು ತೋರಿಸಿದೆ. ನನ್ನಾಕೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಹಡಗಿನಲ್ಲಿ ಟ್ರೈಪಾಡು ಮಡಿಸಿಟ್ಟು, ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಏರಿಸಿ, ಕ್ಯಾಮೆರಾ ಕೈಯಲ್ಲೇ ಹಿಡಿಯಬೇಕಂತೆ. ಈ ಜ್ಞಾನೋದಯ ಆದದ್ದು ಸಿಯಾಟಲ್‌ಗೆ ಮರಳಿದ ಮೇಲೆ.

ಚಳಿಗೆ ಬೆರಳು ಮರಗಟ್ಟಿ ಬಫೆ ಹಾಲಿಗೆ ನುಗ್ಗಿದೆ. ಬೆಚ್ಚನೆಯ ಗಾಳಿ ತಾಗಿದ್ದೇ ತಡ, ಕೊರೆಯುತ್ತಿದ್ದ ಲೆನ್ಸಿನ ಮೇಲೆಲ್ಲ ಹಬೆ. ಅದು ಆರುವವರೆಗೆ ಕಾದು, ಮತ್ತೆ ಚಳಿಗೆ ಹೋಗುವವರು ಯಾರೆಂದು ಒಳಗಿನಿಂದಲೇ ಗಾಜಿನಾಚೆಯ ಹಿಮಶಿಖರ ಕ್ಲಿಕ್ಕಿಸಿದೆ. ಗಾಜಿಗೆ ಲೆನ್ಸನ್ನು ಒತ್ತಿ ಹಿಡಿಯದಿದ್ದರೆ ಒಳಗಿನದ್ದೂ ಪ್ರತಿಬಿಂಬವಾಗಿ ಬೀಳುತ್ತದೆ, ನೋಡಿ. ಶಿಖರದ ನೆತ್ತಿಯ ಮೇಲೆ ಎರಡು ಕ್ರೊಸಾಂಟ್ ತೇಲುತ್ತಿದ್ದವು, ಪಕ್ಕದಲ್ಲಿ ಅರ್ಧ ಪಪ್ಪಾಯಿ. ಅದನ್ನು ಗಮನಿಸದೆ ಹೆಮ್ಮೆಯಿಂದ ಮಗನಿಗೆ ವಾಟ್ಸಾಪ್ ಮಾಡಿದೆ. "ಅಪ್ಪಾ, ತಿಂಡಿ ಚೆನ್ನಾಗಿದೆಯಾ?" ಎಂದು ಉತ್ತರ ಬಂತು.

ಹಂಪ್‌ಬ್ಯಾಕ್ ತಿಮಿಂಗಿಲ ಆಳಕ್ಕೆ ಮುಳುಗುವ ಮುನ್ನ ಬಾಲ ಎತ್ತುತ್ತದೆ. ಫೋಟೋ ತೆಗೆಯುವವರೆಲ್ಲ ಕಾಯುವುದು ಆ ಕ್ಷಣಕ್ಕೇ. "ಅಲ್ಲಿ, ಅಲ್ಲಿ!" ಎಂಬ ಕೂಗು ಕೇಳಿ, ಲೆನ್ಸಿನ ಮುಚ್ಚಳ ತೆಗೆದು, ಆ ಮುಚ್ಚಳ ಇಡಲು ಮೂರು ಸ್ವೆಟರಿನ ಒಳಗೆಲ್ಲೋ ಇರುವ ಜೇಬು ಹುಡುಕಿ, ಕ್ಯಾಮೆರಾ ಕಣ್ಣಿಗೆ ತರುವಷ್ಟರಲ್ಲಿ ನನಗೆ ಉಳಿಯುತ್ತಿದ್ದದ್ದು ನೀರಿನ ಮೇಲಿನ ನುಣುಪಾದ ಒಂದು ವೃತ್ತ. ಕಾರ್ಡಿನ ತುಂಬ ಅಂಥ ವೃತ್ತಗಳೇ. ಪೊಲೀಸರ ಸ್ಥಳ ಮಹಜರಿನ ಫೋಟೋಗಳ ಹಾಗೆ: ಜಾಗ ಸ್ಪಷ್ಟ, ಆರೋಪಿ ಪರಾರಿ.

ಇದನ್ನೆಲ್ಲ ಗ್ಲೇಸಿಯರ್ ಬೇನಲ್ಲಿ ಬಡ್ಡಿ ಸಮೇತ ವಸೂಲಿ ಮಾಡಬೇಕೆಂದುಕೊಂಡೆ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ತಂಡ ಬಂದಾಗ ಕೊಲ್ಲಿಯ ಬಾಯಲ್ಲೇ ಹಿಮದ ಗೋಡೆ ಅಡ್ಡ ನಿಂತಿತ್ತಂತೆ. ಈಗ ಆ ಹಿಮ ನೂರು ಕಿಲೋಮೀಟರಿನಷ್ಟು ಒಳಕ್ಕೆ ಸರಿದಿದೆ. ನನ್ನ ಕ್ಯಾಮೆರಾ ಬರುವ ಸುದ್ದಿ ಮೊದಲೇ ತಲುಪಿರಬೇಕು. ಕೊನೆಯಲ್ಲಿರುವುದು ಮಾರ್ಜರಿ ಗ್ಲೇಸಿಯರ್: ಒಂದು ಮೈಲಿ ಅಗಲ, ನೀರಿನಿಂದ ಮೇಲಕ್ಕೆ ಸುಮಾರು 250 ಅಡಿ ಎತ್ತರ. ಅದರ ಹೋಳು ಕಳಚಿ ಸಮುದ್ರಕ್ಕೆ ಬೀಳುವುದೇ ಅಲ್ಲಿನ ಮಹಾದೃಶ್ಯ.

ತಿಂಡಿಯನ್ನೂ ಬಿಟ್ಟು ಎಡಬದಿಯ ಕಂಬಿ ಹಿಡಿದು ನಿಂತೆ. ಹಡಗು ನಿಂತಿತು. ಗ್ಲೇಸಿಯರ್ ಬಲಬದಿಗೆ! ಟ್ರೈಪಾಡು ಹೆಗಲಿಗೇರಿಸಿ, ಕಂಡಕಂಡವರಿಗೆ "ಸಾರಿ, ಸಾರಿ" ಎನ್ನುತ್ತ ಓಡಿದೆ. ಅಲ್ಲಿ ಜನರ ಸಾಲುಗಳ ನಡುವೆ ತೂರಿ ಕಂಬಿ ಮುಟ್ಟಿದರೆ, ಎದುರಿಗೆ ಬರೀ ಬೆಟ್ಟ. ಗ್ಲೇಸಿಯರ್ ಎಡಬದಿಗೆ ಹೊರಟುಹೋಗಿತ್ತು. ಎಲ್ಲರಿಗೂ ಕಾಣಲೆಂದು ಕ್ಯಾಪ್ಟನ್ ಹಡಗನ್ನು ನಿಂತಲ್ಲೇ ನಿಧಾನಕ್ಕೆ ಸುತ್ತಿಸುತ್ತಾರೆ. ಅದನ್ನು ಮೈಕಿನಲ್ಲಿ ಹೇಳುವಾಗ ನಾನು ಲೆನ್ಸಿನ ಮುಚ್ಚಳ ಹುಡುಕುತ್ತಿದ್ದೆ. ಮತ್ತೆ ಓಡಿದೆ. ದಾರಿಯಲ್ಲಿ ನನ್ನಾಕೆ ಡೆಕ್ ಕುರ್ಚಿಯಲ್ಲಿ ಕೋಡುಬಳೆ ಮುರಿಯುತ್ತ, "ರೀ, ಸುಮ್ನೆ ಕೂತ್ಕೊಳ್ಳಿ, ಅದೇ ಬರತ್ತೆ" ಎಂದಳು. ಕಲಾವಿದರು ಇಂಥ ಮಾತು ಕೇಳುತ್ತಾರೆಯೇ?

ಅಷ್ಟರಲ್ಲಿ ಢಮಾರ್! ಸದ್ದು ಕೇಳಿ ತಿರುಗಿದರೆ ಕೆಲಸ ಕೆಟ್ಟಂತೆ. ಅರ್ಧ ಮೈಲಿ ದಾಟಿ ಬರಲು ಸದ್ದಿಗೆ ಎರಡು ಸೆಕೆಂಡಿಗೂ ಹೆಚ್ಚು ಬೇಕು, ಹೋಳು ಬಿದ್ದ ಮೇಲೆ ಅದರ ಸುದ್ದಿ ಬರುತ್ತದೆ. ನನಗೆ ಸಿಕ್ಕಿದ್ದು ನೀರಿನಲ್ಲಿ ಹರಡುತ್ತಿದ್ದ ಇನ್ನೊಂದು ವೃತ್ತ.

ರಾತ್ರಿ ಊಟದ ಮೇಜಿನಲ್ಲಿ ಪಕ್ಕದ ಅಜ್ಜಿ ತಮ್ಮ ಫೋನಿನಲ್ಲಿ ತೆಗೆದ ಪನೋರಮಾ ತೋರಿಸಿದರು. ಗ್ಲೇಸಿಯರ್ ಈ ತುದಿಯಿಂದ ಆ ತುದಿಯವರೆಗೆ, ನೀಲಿ ಹೋಳೊಂದು ಗಾಳಿಯಲ್ಲಿ, ಇನ್ನೂ ನೀರಿಗೆ ತಾಗಿಲ್ಲ. ಇಂಥದ್ದಕ್ಕೇ ನಾನು ಓಡಿದ್ದು! ಆದರೆ ಅವರು ಫೋನನ್ನು ಎಡದಿಂದ ಬಲಕ್ಕೆ ತಿರುಗಿಸುತ್ತಿದ್ದಾಗ ಅದರ ಮುಂದೆಯೇ, ಅದೇ ದಿಕ್ಕಿಗೆ, ಯಾರೋ ಓಡಿದ್ದಾರೆ. ಹಾಗಾಗಿ ಒಂದೇ ಚಿತ್ರದಲ್ಲಿ ಮಂಕಿ ಕ್ಯಾಪು ತೊಟ್ಟ ಮೂವರು, ಹೆಗಲ ಮೇಲೆ ಮೂರು ಟ್ರೈಪಾಡು, ಮೂವರ ಬೆನ್ನೂ ಗ್ಲೇಸಿಯರಿಗೆ. "ಬೇಕಾದರೆ ಕಳಿಸಲೇ?" ಎಂದು ಅಜ್ಜಿ ಇಂಗ್ಲಿಷಿನಲ್ಲಿ ಅಕ್ಕರೆಯಿಂದ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನಾಕೆ ತನ್ನ ನಂಬರು ಕೊಟ್ಟಾಗಿತ್ತು.