ಲಕ್ವ ಹೊಡೆದ ಯಜಮಾನರನ್ನು ಮಂಚದಲ್ಲೇ ಉಳಿಸಿಕೊಳ್ಳುವ ವಿಧಾನ

ಬೇಕಾಗುವ ಸಾಮಗ್ರಿ: ಮಂಚ ಒಂದು, ದಿಂಬು ನಾಲ್ಕು, ಪ್ರೀತಿ ಬೇಕಾದಷ್ಟು. ಡಿಸ್ಚಾರ್ಜ್ ದಿನ ಕೊಟ್ಟ ವ್ಯಾಯಾಮದ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ. ಅಲ್ಲಿ ಯಾರೂ ಮುಟ್ಟುವುದಿಲ್ಲ.

ಬದನಗುಪ್ಪೆಯಂಥ ಊರಾದರೆ ಕೆಲಸ ಸಲೀಸು, ಉಪಚಾರಕ್ಕೆ ಬೀದಿಗೆ ಬೀದಿಯೇ ಬರುತ್ತದೆ. ಯಜಮಾನರು ಬಿದ್ದುಹೋದ ಕೈಯನ್ನು ಹೇಗೋ ಎಳೆದುಕೊಂಡು ನೀರಿನ ಲೋಟದತ್ತ ಚಾಚಿದರೋ, ಸೊಸೆ ಓಡಿಬರಬೇಕು: "ಬುಡಿ ಮಾವ, ನಾನಿಲ್ವಾ?" ಲೋಟ ಬಾಯಿಗೆ, ಕೈ ಮಡಿಲಿಗೆ. ಈ ಹಂತದಲ್ಲಿ ಆಲಸ್ಯ ಸಲ್ಲದು. ಪೆಟ್ಟು ತಿಂದ ಮಿದುಳು ಹೊಸ ದಾರಿ ಹುಡುಕಿಕೊಳ್ಳುವುದು ಹೀಗೆ ಚಾಚಿ ಚಾಚಿಯೇ. ಮೊದಲ ಮೂರು ತಿಂಗಳು ಅದು ಬಲು ಚುರುಕು, ಆದ್ದರಿಂದ ಆಗಲೇ ತಡೆಯಿರಿ.

ಎಬ್ಬಿಸುವಾಗ ಸ್ವಾಧೀನವಿಲ್ಲದ ಕೈಯನ್ನೇ ಹಿಡಿದು ಜಗ್ಗಿ. ಭುಜದ ನೋವು ಉಚಿತ. ಎಣ್ಣೆ ತಿಕ್ಕುವವರನ್ನು ತಪ್ಪದೆ ಕರೆಸಿ; ತಿಕ್ಕಿಸಿಕೊಳ್ಳುವವರು ಬೆರಳೂ ಅಲ್ಲಾಡಿಸಬೇಕಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ.

ಎಚ್ಚರಿಕೆ: ಅರಿಶಿನದ ಮೊರ ಅವರ ಕೈಗೆ ಸಿಗಕೂಡದು. ಕೊಂಬು ಬೇರೆ, ಗಡ್ಡೆ ಬೇರೆ ಮಾಡುತ್ತ ಕೂತರೆ ಬೆರಳುಗಳು ಹಿಡಿತ ಕಲಿತುಬಿಡುತ್ತವೆ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಬೇಡಿ, ಒಬ್ಬರೇ ಹೋಗಿಬಂದಾರು. ಆಸ್ಪತ್ರೆಯ ನುಣುಪು ನೆಲದ ಮೇಲೆ ನಡೆದವರಿಗೂ ತಮ್ಮ ಮನೆ ಹೊಸ್ತಿಲು ದಾಟುವುದು ಬೇರೆಯೇ ವಿದ್ಯೆ; ಅದನ್ನು ಆ ಹೊಸ್ತಿಲ ಮೇಲೇ ಕಲಿಯಬೇಕು. ಕಲಿಯಲು ಬಿಡದಿದ್ದರಾಯಿತು.

ಯಾರಾದರೂ ತಕರಾರು ತೆಗೆದರೆ 'ಅಟೆಂಡ್' ಅಧ್ಯಯನವನ್ನು ಮುಂದಿಡಿ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಕೆಲವರ ಮನೆಯವರಿಗೆ ಪುನಶ್ಚೇತನದ ತರಬೇತಿ ಕೊಟ್ಟು ನೋಡಿದರು. ಆರು ತಿಂಗಳಾದ ಮೇಲೆ ತೀರಿಕೊಂಡವರು, ಪರಾವಲಂಬಿಗಳಾದವರು ಸೇರಿ ತರಬೇತಿ ಪಡೆದ ಗುಂಪಿನಲ್ಲೂ ಶೇ 47, ಪಡೆಯದ ಗುಂಪಿನಲ್ಲೂ ಶೇ 47. 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲೇ ಬಂದದ್ದು, ಅಲ್ಲಗಳೆಯುವಂತಿಲ್ಲ. ಆದರೆ 2004ರ ಲ್ಯಾನ್ಸೆಟ್ ಬಗ್ಗೆ ಬಾಯಿ ಬಿಡಬೇಡಿ. ಮನೆಯಲ್ಲಿರುವ ರೋಗಿಗಳಿಗೆ ಥೆರಪಿಸ್ಟರೇ ಕಲಿಸಿದ 14 ಪ್ರಯೋಗಗಳನ್ನು ಅಲ್ಲಿ ಒಟ್ಟುಮಾಡಿ ನೋಡಿದಾಗ ರೋಗಿಗಳು ದಿನನಿತ್ಯದ ಕೆಲಸಗಳನ್ನು ಹೆಚ್ಚು ಮಟ್ಟಿಗೆ ತಾವೇ ಮಾಡಿಕೊಳ್ಳುತ್ತಿದ್ದರು. ಮನೆಯವರ ಅಕ್ಕರೆ ಇದ್ದೇ ಇತ್ತು, ಥೆರಪಿಸ್ಟರೇ ಕಲಿಸಿದ್ದು ವ್ಯತ್ಯಾಸ.

ಒಂದು ಕೊರತೆ ಹೇಳಿಬಿಡುತ್ತೇವೆ. ಮಗ ಕೈಗಾರಿಕಾ ಪ್ರದೇಶದ ಶಿಫ್ಟಿಗೆ, ಸೊಸೆ ಹೊಲಕ್ಕೆ ಹೋದ ಮೇಲೆ ಯಜಮಾನರಿಗೆ ಬಾಯಾರಿದರೆ ಏನು ಮಾಡಬೇಕೆಂಬುದು ಈ ಕೈಪಿಡಿಯಲ್ಲಿಲ್ಲ. ಅದು ಬೇಕಾದವರು ಫಿಸಿಯೋಥೆರಪಿಸ್ಟ್ ಮನೆಗೆ ಬರುತ್ತಾರಾ, ಯಾವ ವಾರದಿಂದ ಬರುತ್ತಾರೆ ಎಂದು ಡಿಸ್ಚಾರ್ಜ್ ದಿನವೇ ಕೇಳಿ, ಉತ್ತರ ಸಿಗುವವರೆಗೆ ಆಟೋ ಹತ್ತಬೇಡಿ.