ಕಾಸಿಲ್ಲದ ದ್ಯೂತ

ಧರ್ಮರಾಯನ ಜೂಜನ್ನು ಕುಮಾರವ್ಯಾಸನು ಕನ್ನಡಿಸಿದ್ದು ಇಲ್ಲಿಯೇ ಎಂಬ ಪ್ರತೀತಿಯ ಪರಿವೆಯಿಲ್ಲದೆ, ಗದಗಿನ ವೀರನಾರಾಯಣ ಗುಡಿಯ ಬಳಿ ತರುಣನೊಬ್ಬನು ಮೊಬೈಲಿನಲ್ಲಿ ಪೋಕರ್ ಆಡುತ್ತಿರಲು, ಬೆಟಗೇರಿಯಿಂದ ಬಂದ ಕಾಕಾ ಕೇಳಿದರು:

"ಪಣವೇನೋ, ತಮ್ಮಾ?"

"ಪಣವೇ ಇಲ್ಲ, ಕಾಕಾ. ಹಣವೊಡ್ಡುವ ಆನ್‌ಲೈನ್ ಆಟಗಳನ್ನು, ಕೌಶಲದವಾಗಲಿ ಅದೃಷ್ಟದವಾಗಲಿ, 2025ರ ಕೇಂದ್ರ ಕಾಯಿದೆಯು ನಿಷೇಧಿಸಿದ ಮೇಲೆ ಪುಕ್ಕಟೆ ಚಿಪ್‌ಗಳೇ ಗತಿ. ನನ್ನಲ್ಲೀಗ ನಾಲ್ಕು ಲಕ್ಷವಿವೆ!"

"ಹಾಗಾದರೆ ಶಿರಹಟ್ಟಿಯ ಸಾಲ ತೀರಿಸು."

"ಅವು ನಗದಾಗವು."

"ಸೋತರೆ?"

"ಕಾದರೆ ಮತ್ತೆ ಕೊಡುತ್ತಾರೆ; ಕಾಯಲಾರದವರಿಗೆ ರೂಪಾಯಿಗೆ ಮಾರುತ್ತಾರೆ."

"ಗೆದ್ದರೆ ಬಾರದ, ಸೋತರೆ ಹೋಗುವ ರೂಪಾಯಿ! ಶಕುನಿಗೂ ಇದು ಹೊಳೆದಿರಲಿಲ್ಲ. ದೀಪಾವಳಿಯ ಇಸ್ಪೀಟಿಗೆ ನಾವು ಹುಣಸೆಬೀಜವನ್ನೊಡ್ಡುತ್ತಿದ್ದೆವು. ಬೀಜ ತೀರಿದರೆ ಎದ್ದು ಹೊಲಕ್ಕೆ ಹೋಗುತ್ತಿದ್ದೆವು. ಪುಕ್ಕಟೆ ಆಡುವುದಾದರೆ ಅದನ್ನಾಡು, ಬೇಡವೆಂದವರಾರು?"