ಬಲಪ್ರಮಾಣ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ

ಒಂದು ಕೆಲಸಕ್ಕೆ ಹೊರಟಾಗ ಸಾಮಾನ್ಯ ಜನ 'ಎಷ್ಟು ಜನ ಬೇಕಾಗ್ತಾರೆ?' ಎಂದು ಕೇಳುತ್ತಾರೆ. ವಿದ್ವಾಂಸರು ಹೀಗೆ ಕೇಳಿದರೆ ಪ್ರಯಾಣಭತ್ಯೆ ಹುಟ್ಟುವುದಿಲ್ಲ. ಆದ್ದರಿಂದ ಪ್ರಸ್ತುತ ಪ್ರಬಂಧವು ಸದರಿ ಪ್ರಶ್ನೆಯನ್ನು 'ವ್ಯೂಹಾತ್ಮಕ ಸಾಂದರ್ಭಿಕತೆಯ ಪರಿಪ್ರೇಕ್ಷ್ಯದಲ್ಲಿ ಬಲಪ್ರಮಾಣದ ಆನುಪಾತಿಕ ಔಚಿತ್ಯ' ಎಂದು ನಾಮಕರಣ ಮಾಡುತ್ತದೆ. ಪ್ರತಿಸಲ ಅಷ್ಟನ್ನೂ ಉಚ್ಚರಿಸಲು ಉಸಿರು ಸಾಲದ ಕಾರಣ ಮುಂದೆ ಇದನ್ನು 'ಬಆಔ' ಎಂದು ಸಂಕ್ಷೇಪಿಸಲಾಗಿದೆ. ಗಟ್ಟಿಯಾಗಿ ಓದಿದರೆ ಇದು ಏಟು ತಿಂದವನ ಕೂಗಿನಂತೆ ಕೇಳಿಸುವುದು ಕೇವಲ ಕಾಕತಾಳೀಯ.

ಈ ಅಧ್ಯಯನಕ್ಕೆ ಪ್ರೇರಣೆ ಒಂದು ರಾಷ್ಟ್ರೀಯ ವಿಚಾರ ಸಂಕಿರಣ. ಎಲ್ಲಿ, ಯಾರು ನಡೆಸಿದ್ದು ಎಂಬುದು ಬೇಡ. ಅಂಥವು ಎಲ್ಲೆಲ್ಲೂ ಒಂದೇ ತರಹ ಇರುತ್ತವೆ. ಅಲ್ಲಿ ದೇಶದ ಭದ್ರತೆಯ ಕುರಿತು ಮಾತಾಡಿದವರೆಲ್ಲ ಪರದೆಯ ಮೇಲೆ ಒಂದು ತ್ರಿಕೋನ ತೋರಿಸಿದರು. ತ್ರಿಕೋನದ ಒಂದು ಮೂಲೆಯಲ್ಲಿ 'ಸಾಮರ್ಥ್ಯ', ಇನ್ನೊಂದರಲ್ಲಿ 'ಸಂಕಲ್ಪ', ಮೂರನೆಯದರಲ್ಲಿ 'ಸಂಕಥನ'. ನಡುವೆ ಬಾಣಗಳು. ಬಾಣ ಯಾರಿಗೆ ಚುಚ್ಚುತ್ತದೆ ಎಂದು ಯಾರೂ ಹೇಳಲಿಲ್ಲ. ಗಡಿಯ ಪ್ರಸ್ತಾಪ ಬಂದಾಗಲೆಲ್ಲ ಅದು 'ಸ್ಟ್ರಾಟೆಜಿಕ್ ಸ್ಪೇಸ್' ಆಗುತ್ತಿತ್ತು, ಅಲ್ಲಿ ನಿಂತವರು 'ಫೋರ್ಸ್ ಪೋಶ್ಚರ್' ಆಗುತ್ತಿದ್ದರು. ಪ್ರಶ್ನೋತ್ತರಕ್ಕೆ ಸಮಯವಿಲ್ಲವೆಂದು ಅಧ್ಯಕ್ಷರು ವಿಷಾದಿಸಿ ಊಟಕ್ಕೆ ಎಬ್ಬಿಸಿದರು. ಊಟದ ಬಆಔ ಮಾತ್ರ ಅಚ್ಚುಕಟ್ಟಾಗಿತ್ತು: ಇನ್ನೂರು ಜನಕ್ಕೆ ಇನ್ನೂರು ಎಲೆ. ಅಡುಗೆಯವರಿಗೆ ತ್ರಿಕೋನ ತೋರಿಸಿರಲಿಲ್ಲವೆಂದು ಕಾಣುತ್ತದೆ.

1.1 ಪೂರ್ವಸೂರಿಗಳ ಸಮೀಕ್ಷೆ

ಪ್ರಾಚೀನರು ಬಲವನ್ನು ಅಕ್ಷೌಹಿಣಿಯಲ್ಲಿ ಅಳೆದರು. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ. ಅದನ್ನು ಮೂರುಮೂರರಿಂದ ಗುಣಿಸುತ್ತ ಸೇನಾಮುಖ, ಗುಲ್ಮ, ಗಣ, ವಾಹಿನಿ ಎಂದು ಏರುತ್ತ ಹೋಗಿ ಕೊನೆಗೆ ಹತ್ತರಿಂದ ಗುಣಿಸಿದರೆ ಅಕ್ಷೌಹಿಣಿ: 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಯಾವ ಸಂಖ್ಯೆಯ ಅಂಕಿಗಳನ್ನು ಕೂಡಿಸಿದರೂ ಹದಿನೆಂಟು ಬರುತ್ತದೆ. ಯುದ್ಧ ಹದಿನೆಂಟು ದಿನ, ಪರ್ವ ಹದಿನೆಂಟು, ಸೇನೆಯೂ ಒಟ್ಟು ಹದಿನೆಂಟು ಅಕ್ಷೌಹಿಣಿ. ಇಷ್ಟು ಚೊಕ್ಕವಾದ ಲೆಕ್ಕ ಆಮೇಲೆ ಯಾವ ರಕ್ಷಣಾ ಇಲಾಖೆಗೂ ಕೂಡಿಬಂದಿಲ್ಲ.

1.1.1 ಆಧುನಿಕ ಗಣಿತದಿಂದ ವ್ಯಾಸರ ಪರಿಷ್ಕರಣೆ

ಇಂಗ್ಲೆಂಡಿನಲ್ಲಿ ಮೋಟಾರು ಕಾರು ತಯಾರಿಸುತ್ತಿದ್ದ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರ ತನ್ನ ಪುಸ್ತಕದಲ್ಲಿ ಒಂದು ಸೂತ್ರ ವಿವರಿಸಿದ: ದೂರದಿಂದ ಗುಂಡು ಹಾರಿಸುವ ಯುದ್ಧದಲ್ಲಿ ಸೇನೆಯ ಬಲ ಅದರ ಸಂಖ್ಯೆಯಷ್ಟಲ್ಲ, ಸಂಖ್ಯೆಯ ವರ್ಗದಷ್ಟು. ಇದನ್ನು ಕುರುಕ್ಷೇತ್ರಕ್ಕೆ ಅನ್ವಯಿಸೋಣ. ಕೌರವರದು ಹನ್ನೊಂದು ಅಕ್ಷೌಹಿಣಿ, ಪಾಂಡವರದು ಏಳು. 121ರಲ್ಲಿ 49 ಕಳೆದರೆ 72; ಅದರ ವರ್ಗಮೂಲ ಹತ್ತಿರಹತ್ತಿರ ಎಂಟೂವರೆ. ಅಂದರೆ ವೈಜ್ಞಾನಿಕವಾಗಿ ನೋಡಿದರೆ ದುರ್ಯೋಧನ ಯುದ್ಧ ಗೆದ್ದು, ಎಂಟೂವರೆ ಅಕ್ಷೌಹಿಣಿ ಉಳಿಸಿಕೊಂಡು, ಸಂಜೆ ತಂಪು ಹೊತ್ತಿನಲ್ಲಿ ಹಸ್ತಿನಾಪುರಕ್ಕೆ ಮರಳಬೇಕಿತ್ತು. ವ್ಯಾಸರು ಇದನ್ನು ಗಮನಿಸಿದಂತಿಲ್ಲ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬಹುದು.

ಕೌಟಿಲ್ಯನನ್ನು ಬಿಟ್ಟರೆ ಸಂಕಿರಣದವರು ಬಿಡುವುದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟನ್ನು ಗುರುತಿಸಿ, 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸದಿದ್ದರೆ ನಮ್ಮ ಭದ್ರತಾ ತಜ್ಞರು ಭಾಷಣ ಹೇಗೆ ಆರಂಭಿಸುತ್ತಿದ್ದರೋ ತಿಳಿಯದು. ಕೌಟಿಲ್ಯ ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವಿ ಎಂದು ಆರು ಬಲ ಹೇಳಿ, ಯಾವುದನ್ನು ಯಾವಾಗ ಹೊರಡಿಸಬೇಕೆಂದು ಬಿಡಿಸಿ ಬರೆದಿದ್ದಾನೆ. ಉತ್ಸಾಹಶಕ್ತಿಗಿಂತ ಪ್ರಭುಶಕ್ತಿ ದೊಡ್ಡದು, ಅದಕ್ಕಿಂತ ಮಂತ್ರಶಕ್ತಿ, ಎಂದರೆ ಕೂತು ಯೋಚಿಸುವ ಶಕ್ತಿ, ದೊಡ್ಡದು ಎಂದೂ ವಾದಿಸಿದ್ದಾನೆ. ಎಲ್ಲರೂ ಉಲ್ಲೇಖಿಸುವುದು ಅವನನ್ನೇ. ನಡೆಸುವುದು ಮಾತ್ರ ಉತ್ಸಾಹದಲ್ಲೇ.

1.2 ವರ್ಗೀಕರಣ

ಬಆಔ ಭಂಗದ ಪ್ರಕಾರಗಳು ಹದಿಮೂರು. ಮೊದಲನೆಯದು ಗುಬ್ಬಿ-ಬ್ರಹ್ಮಾಸ್ತ್ರ ನ್ಯಾಯ. 1932ರ ನವೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಪ್ರದೇಶದ ಗೋಧಿ ಹೊಲಗಳಿಗೆ ಇಪ್ಪತ್ತು ಸಾವಿರದಷ್ಟು ಎಮು ಹಕ್ಕಿಗಳು ನುಗ್ಗಿದವು. ಸರ್ಕಾರ ಮೇಜರ್ ಮೆರೆಡಿತ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಎರಡು ಲೂಯಿಸ್ ಮೆಷಿನ್ ಗನ್, ಹತ್ತು ಸಾವಿರ ಗುಂಡುಗಳೊಂದಿಗೆ ಕಳಿಸಿತು. ಕಾಗದದ ಮೇಲೆ ಎರಡು ಹಕ್ಕಿಗೆ ಒಂದು ಗುಂಡು. ಹಕ್ಕಿಗಳು ಸಣ್ಣ ಸಣ್ಣ ಗುಂಪಾಗಿ ಚದುರಿ ಓಡಿದವು. ಲಾರಿಯ ಮೇಲೆ ಗನ್ ಕಟ್ಟಿಕೊಂಡು ಬೆನ್ನಟ್ಟಿದರೆ ಲಾರಿಯ ಕುಲುಕಾಟಕ್ಕೆ ಗುರಿ ಹಿಡಿಯಲಾಗಲಿಲ್ಲ. ವಾರದೊಳಗೆ ಸೇನೆ ಹಿಂದೆ ಸರಿಯಿತು, ಮತ್ತೆ ಬಂತು, ಡಿಸೆಂಬರಿನಲ್ಲಿ ಕೈಬಿಟ್ಟಿತು. ಎಮುಗಳು ಇಂದಿಗೂ ಅಲ್ಲೇ ಇವೆ.

ಇದರ ಉಪಪ್ರಕಾರ ನಮ್ಮಲ್ಲಿ ಬಂದೋಬಸ್ತ್ ಎನಿಸಿಕೊಳ್ಳುತ್ತದೆ. ಮಂತ್ರಿಗಳು ಬಸ್ ತಂಗುದಾಣ ಉದ್ಘಾಟಿಸುವ ದಿನ ರಸ್ತೆಯ ಎರಡೂ ಬದಿ ಖಾಕಿ ನಿಂತಿರುತ್ತದೆ, ವ್ಯಾನಿನಲ್ಲಿ ಕೆ.ಎಸ್.ಆರ್.ಪಿ. ತುಕಡಿ ಬೇರೆ. ಅದೇ ದಿನ ಸರ ಕಿತ್ತುಕೊಂಡು ಹೋದರೆಂದು ಠಾಣೆಗೆ ಹೋದವಳಿಗೆ, 'ಸಿಬ್ಬಂದಿ ಎಲ್ಲಾ ಬಂದೋಬಸ್ತ್‌ಗೆ ಹೋಗಿದಾರಮ್ಮಾ, ನಾಳೆ ಬನ್ನಿ.' ತಂಗುದಾಣವನ್ನು ಯಾರೂ ಕದ್ದೊಯ್ಯಲಾರರು. ಆದರೆ ಮಂತ್ರಿಗಳು ಎಷ್ಟು ದೊಡ್ಡವರೆಂದು ಜನಕ್ಕೆ ಗೊತ್ತಾಗುವುದು ಖಾಕಿಯ ಸಂಖ್ಯೆಯಿಂದಲೇ.

ಎರಡನೆಯದು ಪಾರ್ಕಿನ್ಸನ್ ನ್ಯಾಯ. 1914ರಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ದೊಡ್ಡ ಯುದ್ಧನೌಕೆಗಳು 62 ಇದ್ದವು; 1928ಕ್ಕೆ 20 ಉಳಿದವು. ಅದೇ ಅವಧಿಯಲ್ಲಿ ನೌಕಾಪಡೆಯ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರೆಂದು ನಾರ್ತ್‌ಕೋಟ್ ಪಾರ್ಕಿನ್ಸನ್ ಲೆಕ್ಕ ಕೊಟ್ಟ. ಕಡಲಿನಲ್ಲಿ ಹಡಗಿಲ್ಲದಿದ್ದರೇನು, ಕಡತದಲ್ಲಿ ಅಲೆ ಎದ್ದಿತ್ತು.

ಮೂರನೆಯದು ಉತ್ತರಕುಮಾರ ನ್ಯಾಯ. ನಾಲ್ಕರಿಂದ ಹದಿಮೂರರವರೆಗಿನವು ಈ ಮೂರರಲ್ಲೇ ಅಡಗಿವೆ ಎಂದು ಬರೆಯುತ್ತ ಬರೆಯುತ್ತ ಅನ್ನಿಸಿರುವುದರಿಂದ ಅವನ್ನು ಕೈಬಿಡಲಾಗಿದೆ.

ಉತ್ತರನ ಪೌರುಷ ಒಲೆಯ ಮುಂದೆ ಎಂದು ನಾವು ಆಡಿಕೊಳ್ಳುತ್ತೇವೆ. ಆದರೆ ಅವನ ಪರವಾಗಿ ಒಂದು ಮಾತು ಹೇಳಬೇಕು. ರಾಣೀವಾಸದಲ್ಲಿ ಕೊಚ್ಚಿಕೊಂಡವನೇ ರಥವನ್ನೂ ಹತ್ತಿದ. ಕೌರವರ ಸೇನೆಯನ್ನು ತನ್ನ ಕಣ್ಣಿಂದಲೇ ನೋಡಿದ. ನೋಡಿ ಹೆದರಿದ, ಹೆದರಿದ್ದನ್ನು ಬಾಯಿಬಿಟ್ಟು ಹೇಳಿದ. ತಾನು ಒಲೆಯ ಮುಂದೆಯೇ ಕೂತು ಬೇರೆ ಯಾರನ್ನೋ ರಥ ಹತ್ತಿಸಿ ಕಳಿಸಲಿಲ್ಲ.

1961ರ ನವೆಂಬರಿನಲ್ಲಿ ದೆಹಲಿಯಲ್ಲಿ ಕೂತವರು 'ಮುನ್ನಡೆ ನೀತಿ'ಯನ್ನು ನಿರ್ಧರಿಸಿದಾಗ ಚೀನಾ ಗಡಿಯ ಬಆಔ ಹೀಗಿತ್ತು: ನಾವು ವಿವಾದದ ನೆಲದಲ್ಲಿ ಹತ್ತಿಪ್ಪತ್ತು ಜನರ ಸಣ್ಣ ಸಣ್ಣ ಠಾಣೆಗಳನ್ನು ಹಾಕುತ್ತ ಹೋಗಬೇಕು, ಠಾಣೆ ಕಂಡರೆ ಚೀನೀಯರು ಬಲ ಪ್ರಯೋಗಿಸುವುದಿಲ್ಲ. ಯಾಕೆ ಪ್ರಯೋಗಿಸುವುದಿಲ್ಲ? ಪ್ರಯೋಗಿಸಿದರೆ ಎದುರಿಸಲು ನಮ್ಮ ಹತ್ತಿರ ಬಲವಿರಲಿಲ್ಲ, ಅದಕ್ಕೆ. ಸನ್ನಿವೇಶಕ್ಕೆ ತಕ್ಕ ಬಲ ಹೊಂದಿಸಲಾಗದೆ ಹೋದಾಗ ಬಲಕ್ಕೆ ತಕ್ಕ ಸನ್ನಿವೇಶವನ್ನು ಹೊಂದಿಸಿಕೊಂಡರು. ಇದು ನನ್ನ ಪ್ರಬಂಧದ ಏಕೈಕ ಶೋಧ. ಡಾಕ್ಟರೇಟ್ ಕೊಡುವವರು ಇಷ್ಟಕ್ಕೇ ಕೊಡಬಹುದು. ಅಲ್ಲಿಯವರೆಗೂ ಬಲ ಸಾಲದೆಂದು ಯಾರೂ ಹೇಳಿರಲಿಲ್ಲವೆಂದಲ್ಲ. ಮಡಿಕೇರಿಯ ಜನರಲ್ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದದೆ 1959ರಲ್ಲಿ ರಾಜೀನಾಮೆ ಕೊಟ್ಟು, ಪ್ರಧಾನಿಯ ಮಾತಿಗೆ ಹಿಂದೆ ಪಡೆದು, 1961ರಲ್ಲಿ ನಿವೃತ್ತರಾಗಿ ಹೋದರು.

ಮುಂದಿನದು ಕನ್ನಡ ಓದುಗರಿಗೆ ಹೊಸದಲ್ಲ. ಬ್ರಿಗೇಡಿಯರ್ ಜಾನ್ ದಳವಿಯವರ 'ಹಿಮಾಲಯನ್ ಬ್ಲಂಡರ್' ರವಿ ಬೆಳಗೆರೆಯವರ ಅನುವಾದದಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿದೆ. 1962ರ ಸೆಪ್ಟೆಂಬರಿನಲ್ಲಿ ಚೀನೀಯರು ಥಗ್ ಲಾ ಬೆಟ್ಟಸಾಲಿನಿಂದ ಇಳಿದು ಧೋಲಾ ಠಾಣೆಯನ್ನು ಸುತ್ತುವರಿದರು. ಅವರನ್ನು ಹೊರಹಾಕುವ ಕಾರ್ಯಾಚರಣೆಗೆ 'ಲೆಗ್‌ಹಾರ್ನ್' ಎಂದು ಹೆಸರಿಟ್ಟರು. ನಮ್ಮ ಕೋಳಿ ಫಾರಂಗಳಲ್ಲಿ ಮೊಟ್ಟೆಗೆಂದು ಸಾಕುವ ಬಿಳಿ ಕೋಳಿಯ ಹೆಸರೂ ಅದೇ. ಅಣಕು ಪ್ರಬಂಧ ಬರೆಯುವವನು ತಾನಾಗಿ ಇಂಥದ್ದನ್ನು ಕಲ್ಪಿಸಿಕೊಂಡಿದ್ದರೆ ಸಂಪಾದಕರು 'ಇದು ಸ್ವಲ್ಪ ಅತಿಯಾಯಿತು' ಎಂದು ಹೊಡೆದುಹಾಕುತ್ತಿದ್ದರು.

ಏಳನೇ ಬ್ರಿಗೇಡನ್ನು ನಮ್ಕಾ ಚು ಹೊಳೆಯ ದಂಡೆಗೆ ಇಳಿಸಿದರು. ನಾವು ಕಣಿವೆಯ ತಳದಲ್ಲಿ, ಅವರು ಮೇಲೆ. ಹೊಳೆಗಿದ್ದ ಸೇತುವೆಗಳೆಂದರೆ ಮರದ ದಿಮ್ಮಿಗಳು, ಅವಕ್ಕೆ ನಕ್ಷೆಯಲ್ಲಿ ಒಂದು, ಎರಡು, ಮೂರು ಎಂದು ನಂಬರು. ವಿಮಾನದಿಂದ ಎಸೆದ ಸಾಮಾನಿನಲ್ಲಿ ಬಹಳಷ್ಟು ಕಮರಿಗಳ ಪಾಲಾಯಿತು. ಅಕ್ಟೋಬರಿನ ಹಿಮಾಲಯದಲ್ಲಿ ಹತ್ತಿಬಟ್ಟೆಯ ಸಮವಸ್ತ್ರ, ತಲೆಗೆ ಐವತ್ತು ಗುಂಡು. ಅಕ್ಟೋಬರ್ 10ರಂದು ಹೊಳೆಯಾಚೆಯ ತ್ಸೆಂಗ್ ಜಾಂಗ್‌ನಲ್ಲಿದ್ದ 9ನೇ ಪಂಜಾಬ್‌ನ ಸಣ್ಣ ತುಕಡಿಯ ಮೇಲೆ ಅವರ ಎಷ್ಟೋ ಪಟ್ಟು ದೊಡ್ಡ ಪಡೆ ಬಿತ್ತು. ಕೋರ್ ಕಮಾಂಡರ್ ಬಿ.ಎಂ. ಕೌಲ್ ಅಲ್ಲೇ ಇದ್ದು ನೋಡಿದರು. ಅದಷ್ಟರಮಟ್ಟಿಗೆ ಅವರು ಉತ್ತರಕುಮಾರನ ಸಾಲಿಗೆ ಸೇರುತ್ತಾರೆ. ನೋಡಿದ್ದನ್ನು ಹೇಳಲು ದೆಹಲಿಗೆ ಹೋದರು. ಹೇಳಿದ ಮೇಲೂ ಬ್ರಿಗೇಡ್ ಹೊಳೆಯ ದಂಡೆಯಲ್ಲೇ ಉಳಿಯಿತು. 12ರಂದು ಸಿಲೋನಿಗೆ ಹೊರಟಿದ್ದ ಪ್ರಧಾನಿ ನೆಹರೂ, ನಮ್ಮ ನೆಲವನ್ನು ತೆರವು ಮಾಡಿಸಲು ಸೇನೆಗೆ ಹೇಳಲಾಗಿದೆ ಎಂದು ಪತ್ರಕರ್ತರಿಗೆ ತಿಳಿಸಿದರು. ಮರುದಿನದ ಪತ್ರಿಕೆಗಳನ್ನು ಬೀಜಿಂಗಿನಲ್ಲೂ ಓದುತ್ತಾರೆ ಎಂಬುದು ಯಾವ ತ್ರಿಕೋನದಲ್ಲೂ ಇರಲಿಲ್ಲ.

20ರ ನಸುಕಿನಲ್ಲಿ ತೋಪುಗಳು ಶುರುವಾದವು. ಕೆಲವೇ ತಾಸುಗಳಲ್ಲಿ ಏಳನೇ ಬ್ರಿಗೇಡ್ ಎಂಬುದು ಉಳಿಯಲಿಲ್ಲ. 2ನೇ ರಜಪೂತ್ ಒಂದೇ ಬೆಟಾಲಿಯನ್ನಿನಲ್ಲಿ ಸತ್ತವರು 282. ದಳವಿ ಸೆರೆಯಾದರು.

ಇಲ್ಲಿ ಉಪಶೀರ್ಷಿಕೆಯೊಂದನ್ನು ಹಾಕಬೇಕಿತ್ತು. ಹಾಕಲು ಮನಸ್ಸಾಗುತ್ತಿಲ್ಲ. ಅವರಲ್ಲಿ ಯಾರೊಬ್ಬನೂ 'ಸಂಕಥನ' ಎಂಬ ಪದ ಕೇಳಿದವನಲ್ಲ. ಅವರ ಊರುಗಳಿಗೆ ತಂತಿ ಹೋಗಿರುತ್ತದೆ; ತಂತಿಯಲ್ಲಿ ಬಆಔ ಇರುವುದಿಲ್ಲ. ಕಾಣೆಯಾಗಿದ್ದಾನೆ ಎಂದಷ್ಟೇ ಬರೆದಿದ್ದ ಮನೆಗಳಲ್ಲಿ ಹೆಂಡಂದಿರು ಕುಂಕುಮ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತಿಳಿಯದೆ ಎಷ್ಟು ವರ್ಷ ಕಳೆದರೋ. ಇವತ್ತಿಗೂ ಟಿ.ವಿ. ಸ್ಟುಡಿಯೋದಲ್ಲಿ ಯುದ್ಧವಿಮಾನದ ಗ್ರಾಫಿಕ್ಸ್ ಹಾರಿಸಿ, ಮೇಜು ಗುದ್ದಿ, 'ನುಗ್ಗಿ ಹೊಡೀಬೇಕು' ಎನ್ನುವವರಿಗೆ ನಾನು ಕೇಳುವುದು ಒಂದೇ: ನುಗ್ಗುವವನ ಹೆಸರೇನು? ಅವನ ಬೂಟಿನ ಅಳತೆ ಎಷ್ಟು? ಅದು ಉಗ್ರಾಣದಲ್ಲಿದೆಯೇ? ಬೂಟಿನ ಅಳತೆ ಗೊತ್ತಿಲ್ಲದವನಿಗೆ ಸೇನೆಯ ಅಳತೆ ಕುರಿತು ಮಾತಾಡುವ ಹಕ್ಕು ಎಲ್ಲಿಂದ ಬಂತು?

ಕ್ಷಮಿಸಿ. ಪ್ರಬಂಧದ ಶಿಸ್ತಿಗೆ ಮರಳೋಣ.

7. ಮುಂದಿನ ಅಧ್ಯಯನದ ಸಾಧ್ಯತೆಗಳು

(2ರಿಂದ 6ರವರೆಗಿನ ಅಧ್ಯಾಯಗಳು ಪುಟಮಿತಿಯ ಕಾರಣ ಬಿಟ್ಟುಹೋಗಿವೆ. ಅವುಗಳಲ್ಲಿ ಏನೂ ಇರಲಿಲ್ಲ.)

ಸೋಲಿನ ಕಾರಣ ಹುಡುಕಲು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ ಅವರನ್ನು ನೇಮಿಸಿದರು. 1963ರಲ್ಲಿ ಅವರು ವರದಿ ಒಪ್ಪಿಸಿದರು. ಸರ್ಕಾರಗಳು ಬಂದವು, ಹೋದವು, ಒಂದನ್ನೊಂದು ಬೈದವು. ವರದಿಯನ್ನು ಬಚ್ಚಿಡುವುದರಲ್ಲಿ ಮಾತ್ರ ಪಕ್ಷಭೇದ ಮರೆತವು. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪರದೇಶದ ಪತ್ರಕರ್ತ ಅದರ ಒಂದು ಭಾಗವನ್ನು ಹೊರಗೆ ಹಾಕಿದರು. ನಮ್ಮ ಸೈನಿಕರು ಹೇಗೆ ಸತ್ತರೆಂದು ನಮಗೆ ತಿಳಿಸುವ ಕೆಲಸವೂ ಹೊರಗಿನವರ ಪಾಲಿಗೇ ಬಂತು.

ಅದಕ್ಕೆ ನಾಲ್ಕು ವರ್ಷ ಮೊದಲು, 2010ರಲ್ಲಿ, ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ವರದಿ ಬಿಡುಗಡೆ ಮಾಡಲಾಗದ ಕಾರಣವನ್ನು ಸಂಸತ್ತಿಗೆ ತಿಳಿಸಿದ್ದರು. ಅದರಲ್ಲಿರುವುದು ಬಹಳ ಸೂಕ್ಷ್ಮ, ಕಾರ್ಯಾಚರಣೆಯ ದೃಷ್ಟಿಯಿಂದ ಇವತ್ತಿಗೂ ಬೆಲೆಯುಳ್ಳದ್ದು ಎಂದರು. ಹತ್ತಿಯಂಗಿ ತೊಟ್ಟು, ಐವತ್ತು ಗುಂಡು ಇಟ್ಟುಕೊಂಡು ಕಣಿವೆಯ ತಳದಲ್ಲಿ ನಿಂತವರ ವೃತ್ತಾಂತ ವರದಿಯಾಗಿ ನಲವತ್ತೇಳು ವರ್ಷಗಳ ನಂತರವೂ ಕಾರ್ಯಾಚರಣೆಗೆ ಉಪಯುಕ್ತ. ಯಾವ ಕಾರ್ಯಾಚರಣೆಗೆ ಎಂಬುದನ್ನು ಊಹಿಸಲು ಈ ಪ್ರಬಂಧ ಹೋಗುವುದಿಲ್ಲ.